ನನ್ನನ್ನು ಕೇಳದೆ ನನ್ನ ಬಯೋಡೇಟಾ ಕಳಿಸಲು ನೀವು ಯಾರು?

ಹೋದ ಗುರುವಾರ ಒಂದು ಕೆಲಸ ಕೈತಪ್ಪಿತು. ನನಗೆ ಆ ಕೆಲಸ ಬರುವುದಿಲ್ಲ ಅಂತಲ್ಲ, ಕೇಳಿದ ದುಡ್ಡು ಹೆಚ್ಚಾಯಿತು ಅಂತಲೂ ಅಲ್ಲ. ನನ್ನ ಬಯೋಡೇಟಾ ಆ ಕಂಪೆನಿಗೆ, ಕೆಲಸಕ್ಕೆ ಜನ ಹುಡುಕಿಕೊಡುವ ಎರಡು ಏಜೆನ್ಸಿಗಳಿಂದ ಹೋಗಿದೆಯಂತೆ. ಒಂದಕ್ಕೆ ನಾನು ಮೇಲ್ ಬರೆದು ಒಪ್ಪಿಗೆ ಕೊಟ್ಟಿದ್ದೆ. ಇನ್ನೊಂದರ ಹೆಸರೇ ನನಗೆ ನೆನಪಿರಲಿಲ್ಲ.

ಫೋನು ಬಂದಾಗ ಮಧ್ಯಾಹ್ನ ಮೂರು ಗಂಟೆ, ಆಗಲೇ ಮೋಡ ಕಟ್ಟಿತ್ತು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಅಪ್ಪನೂ ನಾನೂ ಎಳೆದು ರಾಶಿ ಮಾಡಿ ಟಾರ್ಪಾಲು ಹೊದೆಸುತ್ತಿದ್ದೆವು. "ಸರ್, ನಿಮ್ಮ ಪ್ರೊಫೈಲ್ ಡ್ಯೂಪ್ಲಿಕೇಟ್ ಆಗಿದೆ, ಕ್ಲೈಂಟ್ ರಿಜೆಕ್ಟ್ ಮಾಡಿದ್ದಾರೆ. ಬೇರೆ ವೆಂಡರ್‌ಗೂ ಕೊಟ್ಟಿದ್ದರೆ ಮೊದಲೇ ಹೇಳಬೇಕಿತ್ತಲ್ಲ ಸರ್" ಅಂದಳು ನಾನು ಒಪ್ಪಿಗೆ ಕೊಟ್ಟಿದ್ದ ಏಜೆನ್ಸಿಯ ಹುಡುಗಿ. ನಾನು ಯಾರಿಗೂ ಕೊಟ್ಟಿಲ್ಲ ಅಂದೆ. "ಮತ್ತೆ ಅವರ ಹತ್ತಿರ ಹೇಗೆ ಹೋಯಿತು?" ಅಂತ ಕಳ್ಳನನ್ನು ವಿಚಾರಿಸಿದ ಹಾಗೆ ಕೇಳಿದಳು. ಅಪ್ಪ ಟಾರ್ಪಾಲಿನ ಆ ತುದಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. "ಎಂತಾಯ್ತು? ಬೆಂಗಳೂರಿನದ್ದಾ?" ಅಂದರು. ಎಂತ ಹೇಳುವುದು? ನನ್ನ ಹೆಸರನ್ನು ನನಗೇ ಗೊತ್ತಿಲ್ಲದೆ ಯಾರೋ ಮಾರಲಿಕ್ಕೆ ಹೋದರು, ಮಾರಾಟವೂ ಆಗಲಿಲ್ಲ, ನನಗೆ ಇದ್ದದ್ದೂ ಹೋಯಿತು ಅಂತ ಹೇಳಿದರೆ ಅವರಿಗೆ ಅರ್ಥ ಆಗುತ್ತದಾ?

ರಾತ್ರಿ ಹಳೆಯ ಮೇಲ್‌ಗಳನ್ನೆಲ್ಲ ಕೆದಕಿದೆ. ಎಂಟು ತಿಂಗಳ ಹಿಂದೆ ಬೇರೆ ಯಾವುದೋ ಕೆಲಸಕ್ಕೆಂದು ಆ ಎರಡನೇ ಏಜೆನ್ಸಿಯ ಹುಡುಗನೊಬ್ಬ ನನ್ನ ಬಯೋಡೇಟಾ, ಪ್ಯಾನ್ ನಂಬರು, ಹುಟ್ಟಿದ ದಿನಾಂಕ ಎಲ್ಲ ತೆಗೆದುಕೊಂಡಿದ್ದ. ಅದರ ಗತಿ ಏನಾಯಿತೆಂದು ಆಮೇಲೆ ಒಂದು ಸಾಲು ಬರೆದವನಲ್ಲ. ಈಗ ಈ ಕಂಪೆನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಬೇಕು ಅಂತ ಬಂದ ಕೂಡಲೇ ಹಳೆ ಫೈಲಿನಿಂದ ನನ್ನನ್ನು ಎಳೆದು ಕಂಪೆನಿಯ ಪೋರ್ಟಲ್‌ಗೆ ಹಾಕಿಬಿಟ್ಟಿದ್ದಾರೆ. ಮೊದಲು ಹಾಕಿದವರಿಗೆ ಹಕ್ಕು, ಅದಕ್ಕೇ ಅಷ್ಟು ಅವಸರ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೊಡ್ಡ ಕಂಪೆನಿಗಳು ಕಾಂಟ್ರಾಕ್ಟ್ ಜನವನ್ನು ನೇರ ತೆಗೆದುಕೊಳ್ಳುವುದು ಕಡಿಮೆ, ವೆಂಡರ್‌ಗಳ, ಅಂದರೆ ಈ ಏಜೆನ್ಸಿಗಳ, ಮೂಲಕವೇ ಬರಬೇಕು. ಒಂದೇ ಪ್ಯಾನ್ ಅಥವಾ ಒಂದೇ ಫೋನ್ ನಂಬರಿನಲ್ಲಿ ಎರಡು ಕಡೆಯಿಂದ ಹೆಸರು ಬಂದರೆ ಕಮಿಷನ್ ಯಾರಿಗೆ ಅಂತ ಜಗಳ ಏಳುತ್ತದೆ. ಆ ಜಗಳವೇ ಬೇಡ ಅಂತ ಕಂಪೆನಿಯವರು ಮನುಷ್ಯನನ್ನೇ ಕೈಬಿಡುತ್ತಾರೆ. ಪೆಟ್ಟು ಏಜೆನ್ಸಿಗೆ ಬೀಳುವುದಿಲ್ಲ, ಅವರ ಹತ್ತಿರ ಇನ್ನು ನೂರು ಬಯೋಡೇಟಾ ಉಂಟು. ನನ್ನ ಹತ್ತಿರ ಇರುವುದು ಒಂದೇ.

ನಾನು ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ದುಡಿದು, ಅಪ್ಪನಿಗೆ ಮೊಣಕಾಲು ಏಳದ ಹಾಗೆ ಆದಮೇಲೆ ಊರಿಗೆ ಬಂದೆ. ಕಾಂಟ್ರಾಕ್ಟ್ ಕೆಲಸಕ್ಕೆ ಬಿದ್ದು ನಾಲ್ಕು ವರ್ಷ ಆಯಿತು. ಈ ನಾಲ್ಕು ವರ್ಷದಲ್ಲಿ ಎಷ್ಟು ಕರೆ ಬಂದಿವೆಯೋ ಲೆಕ್ಕ ಇಟ್ಟಿಲ್ಲ, ಆದರೆ ಪ್ರಶ್ನೆಗಳು ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ಒಟ್ಟು ಅನುಭವ ಎಷ್ಟು, ಈಗಿನ ಸಂಬಳ ಎಷ್ಟು, ಎಷ್ಟು ಬೇಕು, ಎಷ್ಟಕ್ಕೆ ಇಳಿಯುತ್ತೀರಿ, ಯಾವತ್ತು ಸೇರುತ್ತೀರಿ, ಹಿಂದಿನ ಕಾಂಟ್ರಾಕ್ಟ್ ಯಾಕೆ ಮುಗಿಯಿತು. ಕಾಂಟ್ರಾಕ್ಟ್ ಮುಗಿಯುವುದು ಅವಧಿ ಮುಗಿದದ್ದಕ್ಕೆ ಮಾರಾಯ್ರೆ, ಮತ್ತೆಂತದಕ್ಕೆ? ಎಲ್ಲದಕ್ಕೂ ಉತ್ತರ ಕೊಟ್ಟು, ಕೊನೆಗೆ ನಾನು ಒಂದೇ ಒಂದು ಕೇಳುತ್ತೇನೆ: ಕ್ಲೈಂಟ್ ಯಾರು? "ಅದು ಕಾನ್ಫಿಡೆನ್ಷಿಯಲ್ ಸರ್." ನನ್ನ ಸಂಬಳ, ನನ್ನ ಪ್ಯಾನ್, ನನ್ನ ಪಿಎಫ್ ಪಾಸ್‌ಬುಕ್ಕು ಎಲ್ಲ ಬಿಚ್ಚಿ ಮೇಜಿನ ಮೇಲೆ ಇಡಬೇಕು. ಅವರ ಕಡೆಯದ್ದು ಮಾತ್ರ ಗುಟ್ಟು. ಕ್ಲೈಂಟ್ ಹೆಸರು ಹೇಳದಿದ್ದರೆ ಬೇರೆ ಯಾರಾದರೂ ನನ್ನನ್ನು ಅಲ್ಲಿಗೆ ಕಳಿಸಿದ್ದಾರೋ ಇಲ್ಲವೋ ಅಂತ ನಾನು ಹೇಗೆ ಹೇಳಲಿ? ಆಮೇಲೆ ಡ್ಯೂಪ್ಲಿಕೇಟ್ ಆದರೆ ನನ್ನನ್ನೇ ಬಯ್ಯುವುದು ಯಾವ ನ್ಯಾಯ?

ಕೆಲಸವಾದರೂ ಎಂತದೆಂದು ತಿಳಿದು ಕರೆ ಮಾಡುತ್ತಾರಾ ಅಂದರೆ ಅದೂ ಇಲ್ಲ. ಐಟಿ ಪ್ರಾಜೆಕ್ಟ್ ಮ್ಯಾನೇಜರ್ ಅಂದರೆ ಕೆಲಸದ ವ್ಯಾಪ್ತಿ, ವೇಳಾಪಟ್ಟಿ, ಬಜೆಟ್, ಅಪಾಯಗಳು, ಟೆಸ್ಟಿಂಗ್, ಹೊಸ ಸಿಸ್ಟಮ್ ಚಾಲೂ ಆಗುವ ಗೋ-ಲೈವ್ ದಿನದ ರಾತ್ರಿ ಯಾರು ಎಲ್ಲಿ ಕೂತಿರಬೇಕು ಎನ್ನುವ ತನಕ ಎಲ್ಲದರ ಹೊಣೆ ಹೊರುವವನು. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಸರ್ಟಿಫಿಕೇಟಿಗೆ ಇರುವ ಪಿಎಂಪಿ ಪರೀಕ್ಷೆ ನಾನು ಬರೆದಾಗ 180 ಪ್ರಶ್ನೆ, 230 ನಿಮಿಷ. ಪಾಸಾದರೆ ಮುಗಿಯಿತು ಅಂತಲ್ಲ, ಮೂರು ವರ್ಷಕ್ಕೊಮ್ಮೆ 60 ಪಿಡಿಯು, ಅಂದರೆ ಕಲಿಕೆಯ ಅಂಕ, ಒಟ್ಟು ಮಾಡಿ ಅದನ್ನು ಉಳಿಸಿಕೊಳ್ಳಬೇಕು. ಅಷ್ಟೆಲ್ಲ ಮಾಡಿ ಕೂತವನಿಗೆ ಫೋನು ಮಾಡಿ "ಜಾವಾದಲ್ಲಿ ಎಷ್ಟು ವರ್ಷ ಕೋಡ್ ಬರೆದಿದ್ದೀರಿ?" ಅಂತ ಕೇಳುತ್ತಾರೆ. ಒಬ್ಬ ಫ್ಲೈಓವರ್ ಕಟ್ಟುವ ಕೆಲಸಕ್ಕೆ ಕರೆದ, ಹೆಸರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತ ಉಂಟಲ್ಲ, ಸಾಕು. ವಿಳಾಸದಲ್ಲಿ ಕೇರಳ ಅಂತ ಕಂಡರೆ ಕೊಚ್ಚಿಯ ಇನ್ಫೋಪಾರ್ಕಿನ ಕೆಲಸ ಹಿಡಿದುಕೊಂಡು ಬರುತ್ತಾರೆ, "ನಿಮಗೆ ಹತ್ತಿರ ಅಲ್ವಾ ಸರ್, ದಿನಾ ಹೋಗಿ ಬರಬಹುದು" ಅಂತ. ಕೊಚ್ಚಿ ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು. ನನಗೆ ಹತ್ತಿರ ಇರುವುದು ತಲಪಾಡಿ ಗಡಿ ದಾಟಿದರೆ ಸಿಗುವ ಮಂಗಳೂರು. ಆದರೆ ಮಂಗಳೂರಿನ ಕೆಲಸಕ್ಕೆ ನನ್ನ ಹೆಸರು ಬರುವುದೇ ಇಲ್ಲ, ರಾಜ್ಯ ಬೇರೆ ಅಂತ ಅವರ ಕಂಪ್ಯೂಟರು ಜಾಲಾಡಿ ತೆಗೆದುಬಿಡುತ್ತದೆ. ಬೆಂಗಳೂರಿನವರಿಗೆ ಬೇರೆಯೇ ಆಶ್ಚರ್ಯ: "ಕೇರಳದವರು ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ!" 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದದ್ದು ನಾವಲ್ಲ. ಅದನ್ನು ಪ್ರತಿ ಕರೆಯಲ್ಲೂ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ.

ಕಳೆದ ವರ್ಷ ಒಂದು ಏಜೆನ್ಸಿ ಮುಖತಃ ಸಂದರ್ಶನ, ಬರಲೇಬೇಕು ಅಂದಿತು. ಸಂಜೆ ಕಾಸರಗೋಡಿನಲ್ಲಿ ಕಣ್ಣೂರು-ಬೆಂಗಳೂರು ರೈಲು ಹತ್ತಿದೆ. ಅಮ್ಮ ಕಟ್ಟಿಕೊಟ್ಟ ಬುತ್ತಿ ಉಂಡು, ನಿದ್ದೆಗೆಟ್ಟು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಅಂಗಿ ಬದಲಿಸಿ, ಟ್ರಾಫಿಕ್ಕಿನಲ್ಲಿ ಬೆಳ್ಳಂದೂರು ಮುಟ್ಟುವಾಗ ಹತ್ತೂವರೆ. ರಿಸೆಪ್ಶನ್ನಿನಲ್ಲಿ ನನ್ನ ಹೆಸರೇ ಇಲ್ಲ. ಏಜೆನ್ಸಿಗೆ ಫೋನು ಮಾಡಿದರೆ, "ಸರ್, ಆ ಪೊಸಿಶನ್ ಮೊನ್ನೆಯೇ ಹೋಲ್ಡ್ ಆಗಿದೆ, ನಿಮಗೆ ಯಾರೂ ಹೇಳಲಿಲ್ವಾ?" ಹೇಳಬೇಕಾದವರು ನೀವೇ! ಗೇಟಿನ ಸೆಕ್ಯುರಿಟಿಯವರು ಪಾಪ, ಕುರ್ಚಿ ಕೊಟ್ಟು ಕೂತುಕೊಳ್ಳಿ ಸಾರ್ ಅಂದರು. ಇಡೀ ದಿನದಲ್ಲಿ ನನ್ನನ್ನು ಮನುಷ್ಯ ಅಂತ ನೋಡಿದ್ದು ಅವರೊಬ್ಬರೇ. ಟಿಕೆಟಿನ ದುಡ್ಡು ಕೇಳಿ ಎರಡು ಮೇಲ್ ಹಾಕಿದೆ. ಉತ್ತರ ಇಲ್ಲ.

ಇನ್ನು ರೇಟಿನ ವಿಷಯ. ಇದನ್ನು ಹೇಳುವಾಗ ಈಗಲೂ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಒಂದು ಕಡೆ ಮೊದಲಿನ ಪ್ರಾಜೆಕ್ಟ್ ಮ್ಯಾನೇಜರ್ ಅರ್ಧದಲ್ಲಿ ಬಿಟ್ಟುಹೋಗಿದ್ದರು. ಹಳೆ ಸಿಸ್ಟಮ್ಮಿನಿಂದ ಹೊಸತಕ್ಕೆ ಹೋಗುವ ಕೆಲಸ, ಬಳಕೆದಾರರ ಟೆಸ್ಟಿಂಗ್ ಶುರುವೇ ಆಗಿರಲಿಲ್ಲ, ತಾರೀಕು ಮಾತ್ರ ಘೋಷಣೆ ಆಗಿತ್ತು. ನನ್ನನ್ನು ತುರ್ತಾಗಿ ತೆಗೆದುಕೊಂಡರು. ದಿನಕ್ಕೆ 6,800 ರೂಪಾಯಿ. "ಕ್ಲೈಂಟ್ ಬಜೆಟ್ ಅಷ್ಟೇ ಸರ್, ನಮಗೆ ಉಳಿಯುವುದು ಬರೇ ಎಂಟು ಪರ್ಸೆಂಟ್" ಅಂತ ಏಜೆನ್ಸಿಯವರು ಆಣೆ ಹಾಕಿದ ಹಾಗೆ ಹೇಳಿದ್ದರು. ಮೂರನೇ ವಾರ ಮೇಲಧಿಕಾರಿಗಳ ಸಭೆಗೆ ಲೆಕ್ಕ ತಯಾರು ಮಾಡಬೇಕಿತ್ತು. ಬಜೆಟ್ ನೋಡುವುದೇ ನನ್ನ ಕೆಲಸ ತಾನೆ, ಹಾಗಾಗಿ ಫೈನಾನ್ಸ್‌ನವರು ಶೀಟ್ ಕಳಿಸಿದರು. ಹದಿನಾಲ್ಕನೇ ಸಾಲು: ಪ್ರಾಜೆಕ್ಟ್ ಮ್ಯಾನೇಜರ್, ಕಾಂಟ್ರಾಕ್ಟ್, ದಿನಕ್ಕೆ 11,500. ಅದು ನಾನು. ನೂರು ರೂಪಾಯಿ ಬಂದರೆ ನಲವತ್ತು ಅವರಿಗೆ. ಮುಂದಿನ ಆರು ತಿಂಗಳೂ ಪ್ರತಿ ತಿಂಗಳ ಕೊನೆಗೆ ಆ ಸಾಲನ್ನು ನಾನೇ ತುಂಬಿ, ನಾನೇ ಕೂಡಿಸಿ, ನಾನೇ ಕಳಿಸಬೇಕಾಗಿತ್ತು. ಬಾಯಿ ಬಿಡುವ ಹಾಗಿಲ್ಲ, ರೇಟಿನ ಮಾತು ಕ್ಲೈಂಟ್ ಹತ್ತಿರ ಆಡಬಾರದೆಂದು ಕರಾರಿನಲ್ಲೇ ಬರೆದು ಸಹಿ ಹಾಕಿಸಿಕೊಂಡಿದ್ದಾರೆ.

ಏಜೆನ್ಸಿಯವರು ಪುಕ್ಕಟೆ ಕೆಲಸ ಮಾಡಲಿ ಅಂತ ನಾನು ಹೇಳುವುದಿಲ್ಲ. ಅವರಿಗೂ ಆಫೀಸು, ಸಂಬಳ, ಖರ್ಚು ಉಂಟು. ನೇರವಾಗಿ ಹೇಳಿ, ಇಷ್ಟು ಬರುತ್ತದೆ, ಇಷ್ಟು ನಮಗೆ, ಇಷ್ಟು ನಿಮಗೆ. ಒಪ್ಪುವುದು ಬಿಡುವುದು ನನಗೆ ಬಿಟ್ಟದ್ದು. ನಮ್ಮ ಅಡಿಕೆಗೆ ದರ ಬಿದ್ದು ಬೆಳೆಗಾರರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರಂಥವರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರಿ ಸಂಸ್ಥೆ ಕಟ್ಟಿದರು, ಎರಡೂ ರಾಜ್ಯದ ಬೆಳೆಗಾರರಿಗೆ ಸೇರಿ. ಇವತ್ತು ಅಪ್ಪ ಅಡಿಕೆ ಮಾರಲು ಹೋದರೆ ಹೊಸತಕ್ಕೆಷ್ಟು, ಹಳತಕ್ಕೆಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಕೆಳದರ್ಜೆಯದ್ದನ್ನು ಪಟೋರ, ಕರಿಗೋಟು ಅಂತ ಬೇರೆ ಮಾಡಿ ದರ ಇಳಿಸಿದರೂ ಅಡಿಕೆ ಕಣ್ಣೆದುರೇ ಇರುತ್ತದೆ, ಯಾಕೆ ಇಳಿಸಿದಿರಿ ಅಂತ ಕೇಳಬಹುದು. ನನ್ನನ್ನು ಯಾಕೆ ಬೇಡ ಅಂದರು ಅಂತ ಕೇಳಿದರೆ ನನಗೆ ಸಿಗುವ ಉತ್ತರ "ಫೀಡ್‌ಬ್ಯಾಕ್ ಪೆಂಡಿಂಗ್ ಸರ್". ನಾಲ್ಕು ವರ್ಷದಿಂದ ಪೆಂಡಿಂಗ್.

ಮತ್ತೆ ದುಡ್ಡು. ಬಿಲ್ಲು ಕೊಟ್ಟು 45 ದಿನ ಅಂತಾರೆ, ಅರವತ್ತಾಗುತ್ತದೆ, ತೊಂಬತ್ತಾಗುತ್ತದೆ, "ಕ್ಲೈಂಟ್‌ನಿಂದ ಬಂದಿಲ್ಲ" ಅಂತಾರೆ. ನಾನು ಒಪ್ಪಂದ ಮಾಡಿಕೊಂಡದ್ದು ನಿಮ್ಮ ಹತ್ತಿರ, ಕ್ಲೈಂಟ್ ಹತ್ತಿರ ಅಲ್ಲ. ಒಬ್ಬರಂತೂ ಪ್ರತಿ ಬಿಲ್ಲಿನಲ್ಲಿ ಶೇಕಡಾ 10 ಟಿಡಿಎಸ್ ಅಂತ ತೆರಿಗೆ ಹಿಡಿದುಕೊಂಡರು. ವರ್ಷದ ಕೊನೆಗೆ, ನನ್ನ ಹೆಸರಿನಲ್ಲಿ ಕಟ್ಟಿದ ತೆರಿಗೆ ತೋರಿಸುವ 26ಎಎಸ್ ತೆಗೆದು ನೋಡಿದರೆ ಎರಡು ತಿಂಗಳದ್ದು ಕಟ್ಟಿಯೇ ಇಲ್ಲ. ತೆರಿಗೆ ಹಿಡಿದದ್ದಕ್ಕೆ ಅವರು ಕೊಡಬೇಕಾದ ಸರ್ಟಿಫಿಕೇಟು, ಫಾರ್ಮ್ 16ಎ, ಇನ್ನೂ ಬಂದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರಿಲ್ಲದ ಬೈಲು ಇಲ್ಲ. ಅಲ್ಲಿಗೆ ಜನ ಕಳಿಸುವ ಏಜೆಂಟನಿಗೆ 1983ರ ಎಮಿಗ್ರೇಶನ್ ಕಾಯ್ದೆ ಉಂಟು. ನೋಂದಣಿ ಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು, ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಮೋಸ ಅಲ್ಲಿಯೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೊನೆಯ ಪಕ್ಷ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ಹುಡುಕಿ ನೋಡಬಹುದು. ನನಗೆ ಕರೆ ಮಾಡುವವನ ಬಗ್ಗೆ ನಾನು ಎಲ್ಲಿ ನೋಡಲಿ? ಒಬ್ಬರ ಮಾಹಿತಿ ಬಳಸಲು ಅವರ ಒಪ್ಪಿಗೆ ಬೇಕು ಅಂತ ಸಂಸತ್ತು 2023ರಲ್ಲೇ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಮಾಡಿತು. ಅದು ನನ್ನ ಪ್ಯಾನ್ ನಂಬರು ಹಿಡಿದು ಕೂತ ಆ ಹುಡುಗನ ಮೇಜಿನ ತನಕ ಬರಲಿಲ್ಲ.

ಎಲ್ಲರೂ ಹೀಗೆಯೇ ಅಂದರೆ ಸುಳ್ಳಾಗುತ್ತದೆ. ಮೈಸೂರಿನ ಒಬ್ಬ ಮಹಿಳೆ ಇದ್ದರು. ಮೊದಲ ಕರೆಯಲ್ಲೇ ಕಂಪೆನಿ ಹೆಸರು, ರೇಟು, ತಮ್ಮ ಪಾಲು ಹೇಳಿದರು. ಆ ಕೆಲಸ ಸಿಗಲಿಲ್ಲ. ಸಿಗಲಿಲ್ಲ ಅಂತ ಅದೇ ಸಂಜೆ ಫೋನು ಮಾಡಿ, ಬ್ಯಾಂಕಿಂಗ್ ಅನುಭವ ಇದ್ದವರು ಬೇಕಂತೆ, ಬೇಜಾರು ಮಾಡಿಕೊಳ್ಳಬೇಡಿ ಅಂದರು. ಎರಡು ನಿಮಿಷದ ಮಾತು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅವರಿಗೆ ಆಗುವುದು ಉಳಿದವರಿಗೆ ಯಾಕೆ ಆಗುವುದಿಲ್ಲ?

ಆ ಎರಡನೇ ಏಜೆನ್ಸಿಗೆ ನಿನ್ನೆ ಮೂರನೇ ಮೇಲ್ ಹಾಕಿದ್ದೇನೆ. ನನ್ನ ಬಯೋಡೇಟಾ, ಪ್ಯಾನ್, ಹುಟ್ಟಿದ ದಿನಾಂಕ ಎಲ್ಲ ಅಳಿಸಿ, ಅಳಿಸಿದ್ದೇವೆ ಅಂತ ಬರೆದು ಕೊಡಿ. ಇವರ ಒಪ್ಪಿಗೆ ಕೇಳದೆ ಹೆಸರು ಹಾಕಿದ್ದು ನಮ್ಮ ತಪ್ಪು ಅಂತ ಆ ಕಂಪೆನಿಗೂ ನೀವೇ ಬರೆಯಿರಿ. ಎರಡು ಸಾಲು ಸಾಕು, ಇವತ್ತೇ ಬರೆಯಿರಿ. ಆ ಕೆಲಸಕ್ಕೆ ಅವರಿಗೆ ಇನ್ನೂ ಜನ ಸಿಕ್ಕಿಲ್ಲ, ಬೆಳಿಗ್ಗೆ ನೋಡಿದೆ, ಜಾಹೀರಾತು ಅಲ್ಲೇ ಉಂಟು.