ರಾತ್ರಿಯ ಕೊನೆಯ ಟ್ರಿಪ್ ಓಡಿಸಿ

ಮಂಗಳೂರಿನಲ್ಲಿ ಹೆಂಗಸರ ಸುರಕ್ಷತೆಯ ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಕತ್ತಲಾಗುವ ಮೊದಲು ಮನೆ ಸೇರಿಕೊಳ್ಳಿ. ನನಗೆ ಇದು ಒಪ್ಪಿಗೆ ಇಲ್ಲ. ಹಂಪನಕಟ್ಟೆಯ ಬಟ್ಟೆ ಅಂಗಡಿಗಳ ಹುಡುಗಿಯರು ಹೊರಗೆ ಬರುವುದೇ ಶಟರ್ ಎಳೆದ ಮೇಲೆ. ಆಸ್ಪತ್ರೆಯ ನರ್ಸ್, ಲ್ಯಾಬಿನವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅಕ್ಕ, ಎಲ್ಲರದ್ದೂ ಹೀಗೆಯೇ. ಇವರಿಗೆ ಬುದ್ಧಿವಾದ ಹೇಳಿ ಏನು ಪ್ರಯೋಜನ? ಬಸ್ಸು ಬೇಕು.

ರಾತ್ರಿ ಒಮ್ಮೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಹಗಲಿಡೀ ಕಂಡಕ್ಟರುಗಳು ಕೂಗಿ ಕೂಗಿ ಹತ್ತಿಸಿಕೊಳ್ಳುವ ರೂಟಿನಲ್ಲೇ ರಾತ್ರಿ ಟ್ರಿಪ್ ಕಟ್. ಜನ ಇಲ್ಲ, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಎನ್ನುತ್ತಾರೆ. ಬಸ್ಸು ಬರುತ್ತದೆಂಬ ನಂಬಿಕೆಯೇ ಇಲ್ಲದ ಕಡೆಗೆ ಜನ ಬರುವುದಾದರೂ ಹೇಗೆ? 2023ರ ಜೂನ್ 11ಕ್ಕೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ಬೇಡವೆಂಬ ಶಕ್ತಿ ಯೋಜನೆ ಬಂತು. ಆದರೆ ನಮ್ಮ ಸಿಟಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೇಟು ಕೊಟ್ಟೇ ಹೋಗಬೇಕು. ನರ್ಮ್ ಬಸ್ಸು, ಅಂದರೆ ಸರಕಾರಿ ಸಿಟಿ ಬಸ್ಸು, ಸಿಕ್ಕಿದರೆ ಪುಣ್ಯ. ಎರಡೂ ತಪ್ಪಿದರೆ ರಿಕ್ಷಾ. ಅಲ್ಲಿಗೆ ದಿನದ ದುಡಿಮೆಯಲ್ಲಿ ದೊಡ್ಡ ಪಾಲು ಹೋಯಿತು. ನನ್ನ ಗುರ್ತದವರು ಒಳ್ಳೊಳ್ಳೆಯ ಕೆಲಸ ಬಿಟ್ಟದ್ದು ಇದಕ್ಕೇ.

ಕಾಯುವ ಹೊತ್ತಿನ ಪಾಡು ಇನ್ನೂ ಕಷ್ಟ. ಗಂಡಸು ನಿಂತರೆ ಬಸ್ಸಿಗೆ ಕಾಯುತ್ತಿದ್ದಾನೆ. ಹುಡುಗಿ ನಿಂತರೆ, "ಈ ಹೊತ್ತಿಗೆ ಇಲ್ಲಿ ಎಂತ ಕೆಲಸ?" ಪಕ್ಕದಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನಿದ್ದರೆ ಯಾವ ಧರ್ಮದವನೆಂದು ತಿಳಿಯಲು ಅವನ ಹೆಸರು ಕೇಳುತ್ತಾರೆ, ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2009ರ ಜನವರಿ 24ರಂದು ಇಲ್ಲಿಯ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಇಲ್ಲವೆಂದು ಆರೋಪಿಗಳು ಖುಲಾಸೆಯಾದರು. ಅಂದು ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ಅಮ್ಮಂದಿರಿಗೆ ಹೆದರಿಕೆ ಇನ್ನೂ ಹೋಗಿಲ್ಲ.

ಇದೇ ಊರಿನಲ್ಲಿ ಮೀನು ಮಾರುವ ಹೆಂಗಸರೂ ಇದ್ದಾರಲ್ಲ. ನಸುಕಿಗೇ ಮೀನಿನ ದೋಣಿ ಬರುವ ದಕ್ಕೆಗೆ ಬಂದು, ಚೌಕಾಸಿ ಮಾಡಿ, ಬುಟ್ಟಿ ಹೊತ್ತು ರಸ್ತೆಬದಿಯಲ್ಲಿ ಕೂರುತ್ತಾರೆ, ಗಟ್ಟಿ ಸ್ವರದಲ್ಲಿ ಮಾತಾಡುತ್ತಾರೆ. ಅವರನ್ನು ಎಂತ ಕೆಲಸ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅವರು ಕೂತಿರುವ ಮೂಲೆಯಲ್ಲಿ ನಾನೂ ನಿಶ್ಚಿಂತೆಯಿಂದ ನಿಲ್ಲುತ್ತೇನೆ. ನಾಲ್ಕು ಹೆಂಗಸರು ಕಂಡರೆ ಐದನೆಯವಳಿಗೆ ಅಲ್ಲಿ ಧೈರ್ಯ. ಎಲ್ಲರನ್ನೂ ಬೇಗ ಮನೆಗೆ ಅಟ್ಟಿದರೆ, ಹೋಗಲಾಗದೆ ಉಳಿದವಳು ರಸ್ತೆಯಲ್ಲಿ ಒಬ್ಬಳೇ ಆಗುತ್ತಾಳೆ. ಅವಳಿಗೆ ಏನಾದರೂ ಆದರೆ ಯಾಕೆ ಇದ್ದಳು ಎಂಬ ಪ್ರಶ್ನೆ ಬೇರೆ.

ಅಂಗಡಿಯ ಒಳಗಿನದ್ದೂ ಒಂದು ಮಾತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ ಎಂಬ ಕ್ರಮ ಎಷ್ಟೋ ಕಡೆ ಉಂಟು. ಪಕ್ಕದ ಕೇರಳ 2018ರಲ್ಲೇ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. ಧಣಿಯೋ ಮ್ಯಾನೇಜರೋ ಲೈಂಗಿಕ ಕಿರುಕುಳ ಕೊಟ್ಟರೆ 2013ರ ಕಾಯ್ದೆ ಇದೆ: ಹತ್ತು ಜನ ಕೆಲಸಕ್ಕಿದ್ದರೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ದೂರು ಧಣಿಯ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಇದು ಅನ್ವಯ. ತಂಗಿಯರೇ, ಇದನ್ನು ನಿಮ್ಮ ಅಂಗಡಿಯಲ್ಲಿ ಎಲ್ಲರಿಗೂ ಹೇಳಿ.

ಬಸ್ಸಿನ ವಿಷಯಕ್ಕೆ ಮಾತ್ರ ನಾವು ಸೇರಿಯೇ ಹೋಗಬೇಕು. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ಟಿನ ಟ್ರಿಪ್ ಓಡಿಸದವರನ್ನು ಕೇಳಬೇಕಾದವರೂ ಅವರೇ. ನಿಮ್ಮ ರೂಟ್ ನಂಬರ್, ಕಟ್ ಆದ ಟ್ರಿಪ್ಪಿನ ಸಮಯ, ಎಲ್ಲಿ ಕಾಯುತ್ತೀರಿ, ಅಲ್ಲಿ ದೀಪ ಉಂಟಾ ಇಲ್ಲವಾ, ಬರೆದು ಕಳಿಸಿ. ಎಲ್ಲ ಸೇರಿಸಿ ಅರ್ಜಿ ನಾನು ಬರೆಯುತ್ತೇನೆ. ಕೊಡಲು ಹೋಗುವ ದಿನ ನೀವೂ ಬನ್ನಿ.