ಒಳಗೆ ಬರಂಗಿಲ್ಲ, ಬಂದ್ರೆ ಕಾಫಿ ತಗೋಬೇಕು

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಟ್ರೈನ್ ಸ್ಟ್ರೀಟ್ ಅಂತ ಒಂದು ಗಲ್ಲಿ ಇದೆ. ಎರಡೂ ಕಡೆ ಮನೆ, ನಡುವೆ ಫ್ರೆಂಚರ ಕಾಲದ ರೈಲು ಹಳಿ, ರೈಲು ಬಂದಾಗ ಗೋಡೆಗೂ ಬೋಗಿಗೂ ಮಧ್ಯ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೋವಷ್ಟು ಜಾಗ. ಈ ಗಲ್ಲಿನ ಸರ್ಕಾರ ಬಂದ್ ಮಾಡಿದೆ. ಒಂದ್ಸಲ ಅಲ್ಲ. 2019ರ ಅಕ್ಟೋಬರಲ್ಲಿ ಟೂರಿಸ್ಟ್‌ಗಳ ಗದ್ದಲಕ್ಕೆ ರೈಲಿನ ದಾರಿನೇ ಬದಲಾಯಿಸೋ ಗತಿ ಬಂದು ಬಂದ್ ಮಾಡಿದ್ರು, 2022ರ ಸೆಪ್ಟೆಂಬರಲ್ಲಿ ಕೆಫೆಗಳ ಲೈಸೆನ್ಸ್ ಕಿತ್ಕೊಂಡು ಬ್ಯಾರಿಕೇಡ್ ಹಾಕಿ ಮತ್ತೆ ಬಂದ್ ಮಾಡಿದ್ರು, 2025ರ ಮಾರ್ಚಲ್ಲಿ ಟೂರ್ ಕಂಪನಿಗಳಿಗೆ ಜನರನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಡಿ ಅಂದ್ರು. ಇಷ್ಟೆಲ್ಲ ಬಂದ್ ಆಗಿರೋ ಜಾಗದಲ್ಲಿ ನಮಗೆ ಕೂರೋಕೆ ಸ್ಟೂಲ್ ಸಿಗ್ಲಿಲ್ಲ.

ನನ್ನ ಜೊತೆ ಬ್ಯಾಗ್ ಹೊತ್ಕೊಂಡು ಬಂದಿದ್ದವನು ದಾವಣಗೆರೆಯವನು. ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟಲ್ಲಿ ಬೈಕ್ ಆಫ್ ಮಾಡ್ಕೊಂಡು ನಿಂತು ರೈಲ್ವೆಯವರ ವಂಶಾನೆಲ್ಲ ಬೈಕೊಂಡೇ ದೊಡ್ಡವನಾದವನು. ಅಂಥವನು ಹನೋಯ್‌ಗೆ ಬಂದು "ಲೇ, ರೈಲು ಎಷ್ಟೊತ್ತಿಗೆ ಬರ್ತತಲೇ, ಮಿಸ್ ಆದ್ರೆ ಏನ್ ಮಾಡೋದು" ಅಂತ ಬೆವರ್ತಿದ್ದ.

ಗಲ್ಲಿ ಬಾಯಲ್ಲಿ ಬ್ಯಾರಿಕೇಡ್, ಬೋರ್ಡ್, ಸೀಟಿ ಹಿಡ್ಕೊಂಡ ಗಾರ್ಡ್. ಹತ್ರ ಹೋದ್ರೆ ಕೈ ಅಡ್ಡ ಆಡಿಸ್ತಾನೆ, ನೋ ನೋ. ಅಷ್ಟರಲ್ಲಿ ಪಕ್ಕದ ಸಂದಿಯಿಂದ ಒಬ್ಬ ಆಂಟಿ ಪ್ರತ್ಯಕ್ಷ ಆಗಿ "ಕಾಫಿ?" ಅಂದ್ರು. ಹೂಂ ಅಂದ್ವಿ. ಅಲ್ಲಿಗೆ ನಾವು ಅಪಾಯದಲ್ಲಿರೋ ಸಾರ್ವಜನಿಕರಲ್ಲ, ಆಂಟಿ ಮನೆಗೆ ಬಂದ ನೆಂಟರು. ಗಾರ್ಡ್‌ಗೆ ಇದ್ದಕ್ಕಿದ್ದಂಗೆ ಎದುರು ರಸ್ತೆಲಿ ಏನೋ ಮುಖ್ಯವಾದದ್ದು ಕಾಣಿಸ್ತು. ಕಾಫಿ ಕುಡಿಯೋನಿಗೆ ರೈಲು ಗುದ್ದಲ್ಲ ಅನ್ನೋ ವಿಜ್ಞಾನ ನಮ್ಮೂರಲ್ಲಿ ಇನ್ನೂ ಗೊತ್ತಿಲ್ಲ ನೋಡಿ, ಪಾಪ ನಾವು ಸುಮ್ನೆ ಗೇಟ್ ಕೆಳಗೆ ಬಗ್ಗಿ ದಾಟ್ತೀವಿ.

ಎರಡು ಎಗ್ ಕಾಫಿಗೆ ಲಕ್ಷ ಡಾಂಗ್ ದಾಟ್ತು. ಗಾಬರಿ ಆಗ್ಬೇಡಿ, ಲಕ್ಷ ಅಂದ್ರೆ ನಮ್ಮ ದುಡ್ಡಲ್ಲಿ ಮುನ್ನೂರು ಚಿಲ್ಲರೆ. (ಕಾಫಿ ಮಾತ್ರ ಚೆನ್ನಾಗಿತ್ತು, 1946ರಲ್ಲಿ ಹಾಲು ಸಿಗದೆ ಮೊಟ್ಟೆ ಹಳದಿ ಕದಡಿ ಹಾಕಿದ್ದಂತೆ, ನಮ್ಮಮ್ಮಂಗೆ ಹೇಳಿದ್ರೆ ಮನೆ ಒಳಗೆ ಸೇರ್ಸಲ್ಲ.) ಬಂದ್ ಆಗಿರೋ ಕೆಫೆ ಗೋಡೆ ಮೇಲೆ ರೈಲಿನ ಟೈಮ್ ನೀಟಾಗಿ ಚಾಕ್‌ಪೀಸಲ್ಲಿ ಬರ್ದಿದ್ರು. ಬೀರ್ ಬಾಟ್ಲಿ ಮುಚ್ಚಳ ಹಳಿ ಮೇಲೆ ಇಟ್ರೆ ರೈಲು ಅದನ್ನ ಅಪ್ಪಚ್ಚಿ ಮಾಡಿಕೊಡುತ್ತೆ, ಅದೇ ನೆನಪಿನ ಕಾಣಿಕೆ. ಇವನು ಮೂರು ಇಟ್ಟ.

ಹಾರ್ನ್ ಕೇಳಿದ್ದೇ ತಡ ಆಂಟಿ ಮಿಲಿಟರಿ ಆಫೀಸರ್ ಆಗೋದ್ರು. ಸ್ಟೂಲ್ ಒಳಗೆ, ಟೇಬಲ್ ಒಳಗೆ, ಕಾಲು ಒಳಗೆ, ಒಬ್ಬ ವಿದೇಶಿಯ ತಲೆ ಹಿಡ್ದು ಒಳಗೆ. ಇಡೀ ಗಲ್ಲಿಲಿ ಸುರಕ್ಷತೆ ಬಗ್ಗೆ ನಿಜವಾಗ್ಲೂ ತಲೆ ಕೆಡಿಸ್ಕೊಂಡಿದ್ದು ಲೈಸೆನ್ಸ್ ಇಲ್ಲದ ಅವರೊಬ್ರೇ. ರೈಲು ಧಡಧಡ ಅಂತ ಮೂಗಿನ ಮುಂದೆ ಹೋಯ್ತು, ಗಲ್ಲಿ ತುಂಬ ಮೊಬೈಲ್ ಎತ್ತಿದ್ದ ಕೈಗಳು, ನಮ್ಮ ವಿಡಿಯೋದಲ್ಲಿ ಎದುರಿನವರ ಮೊಬೈಲು, ಎದುರಿನವರದ್ರಲ್ಲಿ ನಮ್ದು.

ಇವನು ಅಲ್ಲೇ ಮನೆಗೆ ವಿಡಿಯೋ ಕಾಲ್ ಹಚ್ಚಿ ಹಳಿ, ಬ್ಯಾರಿಕೇಡ್, ಜನ ಎಲ್ಲ ತೋರಿಸ್ದ. ಅವರಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಅಷ್ಟು ದೂರ ಹೋಗಿ ಅಲ್ಲೂ ಗೇಟ್ ಹಾಕ್ಯಾರೇನಪ್ಪಾ?" ಅಂದ್ರು.

ಇವನು ಉತ್ತರ ಕೊಡ್ಲಿಲ್ಲ, ಬಗ್ಗಿ ಮೂರನೇ ಮುಚ್ಚಳ ಹುಡುಕ್ತಿದ್ದ.