ಸ್ಪಷ್ಟನೆ: ಒದ್ದೆ ಕೂದಲಲ್ಲಿ ಬೀಹೈವ್ ತುರುಬು ಕಟ್ಟಬೇಡಿ

ಮೈಸೂರಿನ ಮಹಿಳೆಯರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶವೊಂದು, ಜೇನುಗೂಡಿನಂಥ ಬೀಹೈವ್ ತುರುಬು 1940ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು, ಕೂದಲು ಒದ್ದೆಯಿರುವಾಗಲೇ ಉಲ್ಟಾ, ಅಂದರೆ ಬುಡದ ಕಡೆಗೆ, ಬಾಚಬೇಕು ಎನ್ನುತ್ತದೆ. ಎರಡೂ ತಪ್ಪು.

ಅದನ್ನು 1960ರಲ್ಲಿ ಸೌಂದರ್ಯ ವೃತ್ತಿಯ ಪತ್ರಿಕೆಯೊಂದಕ್ಕಾಗಿ ರೂಪಿಸಿದವರು ಅಮೆರಿಕದ ಶಿಕಾಗೊದ ಮಾರ್ಗರೆಟ್ ವಿಂಚಿ ಹೆಲ್ಟ್.

ಹೆಚ್ಚು ಕೇಡು ಎರಡನೆಯ ಮಾತಿನಿಂದ. ನೀರು ಹೀರಿದ ಕೂದಲು ಮೆತ್ತಗಾಗಿ ಹಿಗ್ಗಿರುತ್ತದೆ. ಉಲ್ಟಾ ಬಾಚಿದರೆ ತುಂಡಾಗುತ್ತದೆ, ಉಬ್ಬೂ ನಿಲ್ಲುವುದಿಲ್ಲ. ಪೂರ್ತಿ ಒಣಗಿದ ಮೇಲೆ ನೆತ್ತಿಯಿಂದ ಎರಡು ಬೆರಳಗಲದ ಎಳೆ ತೆಗೆದು ನೆಟ್ಟಗೆ ಮೇಲಕ್ಕೆ ಹಿಡಿಯಿರಿ. ಸಣ್ಣ ಹಲ್ಲಿನ ಬಾಚಣಿಗೆಯನ್ನು ಬುಡದಿಂದ ನಾಲ್ಕು ಬೆರಳು ಮೇಲಿಟ್ಟು ಬುಡದ ಕಡೆಗೇ ಮೂರ್ನಾಲ್ಕು ಸಲ ತಳ್ಳಿ. ಪ್ರತಿ ಸಲವೂ ಬಾಚಣಿಗೆ ಹೊರತೆಗೆದು ಮತ್ತೆ ಮೇಲಿಂದಲೇ ಬನ್ನಿ. ಹಿಂದೆಮುಂದೆ ಉಜ್ಜಿದರೆ ಗಂಟು ಬೀಳುತ್ತದೆ. ಹಣೆಯ ಕಡೆಯ ಒಂದು ಪದರವನ್ನು ಉಲ್ಟಾ ಬಾಚದೆ ಉಳಿಸಿಕೊಂಡು, ಕೊನೆಗೆ ಉಬ್ಬಿನ ಮೇಲೆ ನಯವಾಗಿ ಹೊದಿಸಿ ಪಿನ್ನು ಹಾಕಿ. ಮೈಸೂರು ಮಲ್ಲಿಗೆ ಮುಡಿಯುವುದಾದರೆ ತುರುಬಿನ ಬುಡದ ಸುತ್ತ ಮುಡಿಯಿರಿ, ಮೇಲಿಟ್ಟರೆ ಭಾರಕ್ಕೆ ಕುಸಿಯುತ್ತದೆ. ಬಿಚ್ಚುವಾಗ ತುದಿಯಿಂದ ಶುರುಮಾಡಿ, ತಲೆಗೆ ನೀರು ಹಾಕುವ ಮುಂಚೆಯೇ ಸಿಕ್ಕು ಬಿಡಿಸಿ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.